ಬಟನ್ ಇಲ್ಲದ ಬ್ರಿಟಿಷ್ ಟೀವಿ

"ಇನ್ನು ಮುಂದೆ ನಮ್ಮ ಮನೆಯಲ್ಲಿ ಸಾಮಾನ್ಯ ಟೀವಿ ಇರಕೂಡದು!"

೨೦೦೪ರ ಒಂದು ಸಂಜೆ, ದೋಹಾದ ಬಿನ್ ಒಮ್ರಾನಿನ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ತೋಳಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದರ ಭಾರಕ್ಕೆ ಸೊಂಟ ಬಾಗಿದ್ದರೂ ಸ್ವರ ಮಾತ್ರ ಬಾಗಿರಲಿಲ್ಲ.

ನನ್ನ ಹೆಂಡತಿ ಕೊನ್ಸೆಪ್ಟಾ ಪೆಟ್ಟಿಗೆಗೆ ಒಂದು ಸುತ್ತು ಬಂದಳು. "ಬಟನ್ ಎಲ್ಲುಂಟು?"

"ಇಲ್ಲ. ಅದೇ ಇದರ ದೊಡ್ಡಸ್ತಿಕೆ!"

ನಮ್ಮ ಆಫೀಸಿನ ಬ್ರಿಟಿಷ್ ಬಾಸ್ ನಿವೃತ್ತನಾಗಿ ಊರಿಗೆ ಹೊರಟಿದ್ದ. ಅಷ್ಟೂ ಗುಮಾಸ್ತರಲ್ಲಿ ನನ್ನೊಬ್ಬನನ್ನೇ ಕರೆದು, ಚರಿತ್ರೆಯ ಸಮೇತ ಈ ಪೆಟ್ಟಿಗೆಯನ್ನು ಕೊಟ್ಟ. ಅವನ ಊರು ಗುಡ್ಡಗಳ ನಡುವೆ ಇದ್ದುದರಿಂದ ಮಾಡಿನ ಮೇಲೆ ಆಂಟೆನಾ ನಿಲ್ಲಿಸಿದರೆ ಬರೀ ಚುಕ್ಕಿಗಳೇ ಬರುತ್ತಿದ್ದವಂತೆ. ಆಗ ಒಂದು ಕಂಪೆನಿ ಗುಡ್ಡದ ತುದಿಯಲ್ಲಿ ಎತ್ತರದ ಕಂಬ ನೆಟ್ಟು, ಅಲ್ಲಿ ಸಿಕ್ಕಿದ ಚಿತ್ರವನ್ನು ವಯರಿನಲ್ಲಿ ಮನೆಮನೆಗೆ ಕಳಿಸಿತು. ಅದಕ್ಕಿಂತ ಮೊದಲು ರೇಡಿಯೋ ಕೂಡ ಅದೇ ದಾರಿಯಲ್ಲಿ ಬರುತ್ತಿತ್ತು. ಚಾನೆಲ್ ಹಿಡಿಯುವ ಕೆಲಸವೆಲ್ಲ ಕಂಪೆನಿಯದ್ದೇ. ಹಾಗಾಗಿ ಮನೆಯ ಟೀವಿಯಲ್ಲಿ ಟ್ಯೂನರ್ ಎಂಬುದೇ ಇರಲಿಲ್ಲ! ಕಿಟಕಿಯ ಪಕ್ಕದಲ್ಲಿ ಒಂದು ಸ್ವಿಚ್. ತಿರುಗಿಸಿದರೆ ಕಂಪೆನಿ ಕಳಿಸಿದ್ದು ಬರುತ್ತದೆ, ಬಂದದ್ದನ್ನು ನೋಡಬೇಕು.

"ಈಗ ಆ ಕಂಪೆನಿ ಕಳಿಸ್ತದಾ?" ಕೊನ್ಸೆಪ್ಟಾ ಕೇಳಿದಳು.

"ಯಾವಾಗಲೋ ಮುಚ್ಚಿದೆ."

"ಹಾಗಾದ್ರೆ ಇದು ಕೇಬಲ್ ಟೀವಿ ಅಲ್ಲ. ಕೇವಲ ಪೆಟ್ಟಿಗೆ!"

ನಾನು ಅಂಥ ಮಾತಿಗೆ ಕಿವಿ ಕೊಡುವವನಲ್ಲ. ಮರುದಿನವೇ ನಮ್ಮ ಒಳ್ಳೆಯ ಟೀವಿಯನ್ನೂ ಅದರ ಡಿಶ್ ಬಾಕ್ಸನ್ನೂ ಉಮ್ಮ್ ಸಲಾಲಿನಲ್ಲಿ ಹೊಸದಾಗಿ ಸಂಸಾರ ಹೂಡಿದ್ದ ನನ್ನ ಚಿಕ್ಕಪ್ಪನ ಮಗ ಪಾಸ್ಕಲನಿಗೆ ದಾನ ಮಾಡಿಬಿಟ್ಟೆ. ಕರ್ಣ ಕೂಡ ಅಷ್ಟು ವೇಗದಲ್ಲಿ ಕವಚ ಬಿಚ್ಚಿರಲಿಕ್ಕಿಲ್ಲ!

ಆ ವಾರದಲ್ಲೇ ಕಿನ್ನಿಗೋಳಿಯಿಂದ ಕೊನ್ಸೆಪ್ಟಾಳ ಅಮ್ಮನ, ಅಂದರೆ ನಾನು ಮಾಂಯ್ ಎಂದು ಕರೆಯುವ ನನ್ನ ಅತ್ತೆಯ ಫೋನ್ ಬಂತು. ಕನ್ನಡ ಚಾನೆಲಿನವರು ಅವರ ಮನೆಗೇ ಬಂದು ಅಡುಗೆ ಕಾರ್ಯಕ್ರಮ ಚಿತ್ರೀಕರಿಸಿದ್ದಾರೆ. ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ. ಬರುವ ಶುಕ್ರವಾರ ಮಧ್ಯಾಹ್ನ ಪ್ರಸಾರ. ಜೀವಮಾನದಲ್ಲಿ ಮದುವೆಯ ಫೋಟೋ ಒಂದು ಬಿಟ್ಟರೆ ಕ್ಯಾಮೆರಾದ ಎದುರು ನಿಲ್ಲದ ಹೆಂಗಸು.

ಫೋನ್ ಇಟ್ಟ ಕೊನ್ಸೆಪ್ಟಾಳ ಕಣ್ಣು ಒದ್ದೆಯಾಗಿತ್ತು. ಆಮೇಲೆ ಆ ಕಣ್ಣು ನನ್ನ ಕಡೆ ತಿರುಗಿತು.

"ಪಾಸ್ಕಲನ ಹತ್ತಿರ ಟೀವಿ ವಾಪಸ್ ಕೇಳಿ."

"ಕೊಟ್ಟದ್ದನ್ನು ಕೇಳುವುದಾ? ಛೆ! ಮಾಂಯ್ ಬ್ರಿಟಿಷ್ ಟೀವಿಯಲ್ಲೇ ಬರ್ತಾರೆ, ನೋಡ್ತಾ ಇರು!"

ಪೆಟ್ಟಿಗೆಯನ್ನು ರಿಪೇರಿ ಅಂಗಡಿಯ ಅಲಿಯಬ್ಬನ ಮುಂದಿಟ್ಟೆ. ಅವನು ಹಿಂದಿನ ಹಲಗೆ ಬಿಚ್ಚಿ, ಟಾರ್ಚ್ ಹಾಕಿ ನೋಡಿ, ಗೌರವದಿಂದ ಮುಚ್ಚಿದ. "ಒಳಗಿನದ್ದೆಲ್ಲ ಖಲಾಸ್, ಸಾರ್. ಬೇಕಾದ್ರೆ ಹಳೇ ಮಾನಿಟರಿದ್ದು ತೆಗೆದು ಕೂರಿಸ್ತೇನೆ. ಆದ್ರೆ ಚಾನೆಲ್ ಹಿಡಿಯುದಿಲ್ಲ. ಯಾರಾದ್ರೂ ವಯರಲ್ಲಿ ಕಳಿಸಿದ್ರೆ ಮಾತ್ರ ತೋರಿಸ್ತದೆ."

"ಅಲಿಯಬ್ಬ, ಅದೇ ಅಲ್ವಾ ಅಸಲು ಬ್ರಿಟಿಷ್ ಪದ್ಧತಿ!" ಎಂದು ಅವನ ಬೆನ್ನು ತಟ್ಟಿದೆ. ಅವನು ಆಕಾಶ ನೋಡಿದ.

ಇನ್ನು ಬೇಕಾದದ್ದು ಕಳಿಸುವ ಕಂಪೆನಿ. ಪಕ್ಕದ ಫ್ಲ್ಯಾಟಿನಲ್ಲಿ ದುಗ್ಗು ಇದ್ದ. ಹೋಟೆಲಿನಲ್ಲಿ ರಾತ್ರಿಪಾಳಿ, ಒಂಟಿ ಜೀವ, ಒಳ್ಳೆಯ ಡಿಶ್ ಬಾಕ್ಸ್. ಅವನ ಕಿಟಕಿಯಿಂದ ನಮ್ಮ ಕಿಟಕಿಗೆ ವಯರ್ ಎಳೆದೆವು.

ಊರಿನ ತುಳುವರು ಕ್ರೈಸ್ತರನ್ನು ಕರೆಯುವ ಕ್ರಮದಂತೆ ನನ್ನನ್ನು ಪೊರ್ಬುಗಳೇ ಎಂದೇ ಕರೆಯುವ ದುಗ್ಗು ಹೇಳಿದ, "ಪೊರ್ಬುಗಳೇ, ನಾನು ಡ್ಯೂಟಿಯಿಂದ ಬಂದು ಚಾನೆಲ್ ಹಾಕಿಟ್ಟೇ ಮಲಗ್ತೇನೆ. ನೀವು ನಿಶ್ಚಿಂತೆಯಿಂದ ನೋಡಿ."

"ಅವರ ಮನೆಗೇ ಹೋಗಿ ನೋಡಿದ್ರೆ ಆಗುದಿಲ್ವಾ?" ಎಂದು ಕೊನ್ಸೆಪ್ಟಾ ಕೇಳಿದಳು. ಚರಿತ್ರೆ ನಿರ್ಮಿಸುವವರಿಗೆ ಇಂಥ ಪ್ರಶ್ನೆಗಳು ತಪ್ಪಿದ್ದಲ್ಲ.

ಶುಕ್ರವಾರ ಬಂತು. ಕೊನ್ಸೆಪ್ಟಾ ಇಸ್ತ್ರಿ ಮಾಡಿದ ಸೀರೆ ಉಟ್ಟು ಸೋಫಾದ ತುದಿಯಲ್ಲಿ ಕುಳಿತಳು. ಸ್ವಿಚ್ ಹಾಕಿದೆ. ಚಿತ್ರ! ಸ್ವರ! ಕನ್ನಡದಲ್ಲಿ ಸಾಬೂನಿನ ಜಾಹೀರಾತು! ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. ಜಾಹೀರಾತು ಮುಗಿಯಿತು. ಈಗ ಬರುತ್ತಾರೆ ಎನ್ನುವಷ್ಟರಲ್ಲಿ ಪರದೆ ಒಮ್ಮೆ ಕಪ್ಪಾಯಿತು. ಮರುಕ್ಷಣ ಚಡ್ಡಿ ಹಾಕಿದ ದೈತ್ಯನೊಬ್ಬ ಇನ್ನೊಬ್ಬ ದೈತ್ಯನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ.

"ಇದು ಅಮ್ಮ ಅಲ್ಲ," ಎಂದಳು ಕೊನ್ಸೆಪ್ಟಾ.

ಕಂಪೆನಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿ ರಿಮೋಟಿನ ಮೇಲೆ ಬಿದ್ದಿತ್ತು! ಗೋಡೆ ಬಡಿದೆ. ಗೋಡೆಯಾಚೆಯಿಂದ ಗೊರಕೆ. ಫೋನ್ ಮಾಡಿದರೆ ಸ್ವಿಚ್ ಆಫ್. ಬಾಗಿಲು ಬಡಿದೆ, ಬೆಲ್ ಒತ್ತಿದೆ, "ದುಗ್ಗು, ಯಲ್ಲಾ, ಏಳು ಮಾರಾಯ!" ಎಂದು ಕೂಗಿದೆ. ಮೇಲಿನ ಮಹಡಿಯವರೆಲ್ಲ ಎದ್ದು ಬಂದರು. ದುಗ್ಗು ಮಾತ್ರ ಏಳಲಿಲ್ಲ. ಕೊನೆಗೆ ಕೋಲಿಗೆ ಪೊರಕೆ ಕಟ್ಟಿ, ನಮ್ಮ ಕಿಟಕಿಯಿಂದ ಅವನ ಕಿಟಕಿಗೆ ತೂರಿಸಿ ಅವನನ್ನು ತಿವಿಯಲು ನೋಡಿದೆ. ಪೊರಕೆ ವಯರಿಗೆ ಸಿಕ್ಕಿತು. ವಯರ್ ಕಿತ್ತು ಬಂತು. ದೈತ್ಯರೂ ಹೋದರು!

ಕೊನ್ಸೆಪ್ಟಾ ಬೈಯಲಿಲ್ಲ. ಕಪ್ಪಾದ ಪರದೆಯ ಎದುರು ಸೀರೆಯ ಸೆರಗು ಮಡಿಚುತ್ತ ಕುಳಿತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅತ್ತೆ! ಕೊನ್ಸೆಪ್ಟಾ ಕೈ ಚಾಚುವ ಮೊದಲೇ ನಾನು ಎತ್ತಿಕೊಂಡೆ. ಆ ಹೆಂಗಸಿನ ಮನಸ್ಸು ನೋಯಬಾರದಲ್ಲ!

"ಮಾಂಯ್! ಫಸ್ಟ್ ಕ್ಲಾಸ್! ಏನು ಸೀರೆ, ಏನು ಕಳೆ! ಆ ಬಂಗುಡೆ ಮಗುಚಿ ಹಾಕಿದ ನಾಜೂಕು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಇಡೀ ಬಿಲ್ಡಿಂಗಿನವರು ಎದ್ದು ನಿಂತಿದ್ದಾರೆ!"

ಆ ಕಡೆಯಿಂದ ಅತ್ತೆಯ ಶಾಂತ ಸ್ವರ ಕೇಳಿಸಿತು.

"ಪುತಾ, ಕಾರ್ಯಕ್ರಮ ಇವತ್ತು ಹಾಕ್ಲಿಲ್ಲ. ಮುಂದಿನ ಶುಕ್ರವಾರ ಅಂತೆ. ಅದನ್ನೇ ಹೇಳುವ ಅಂತ ಫೋನ್ ಮಾಡಿದ್ದು. ಅವತ್ತಾದ್ರೂ ಟೀವಿ ಇರುವ ಮನೆಗೆ ಹೋಗಿ ನೋಡು."