ಹಾದಿ ಕುಗ್ಗಿತೋ, ಗಡಿಯಾರ ನಿಧಾನವಾಯಿತೋ

ಸಂತೋಷವಾದಾಗ ಕೆಲವರು ಸಿಹಿ ತಿನ್ನುತ್ತಾರೆ, ಕೆಲವರು ಸೀರೆ ಕೊಳ್ಳುತ್ತಾರೆ. ನಾನು ಪಾಠ ಮಾಡುತ್ತೇನೆ. ಕೇಳುವವರು ಸಿದ್ಧರಿದ್ದಾರೋ ಇಲ್ಲವೋ ಎಂದು ನೋಡುವಷ್ಟು ತಾಳ್ಮೆ ನನಗಿಲ್ಲ. ಸೊಲ್ಲಾಪುರದ ಕಾಲೇಜೊಂದರಲ್ಲಿ ಮರಾಠಿಗೆ ಇಂಗ್ಲಿಷ್ ಬೆರೆಸಿ ಭೌತಶಾಸ್ತ್ರ ಕಲಿಸುವವಳು ನಾನು. ಮೈಂದರ್ಗಿಯ ಕನ್ನಡ ಶಾಲೆಯವರು "ಸಾಪೇಕ್ಷತೆ ಬಗ್ಗೆ ಕನ್ನಡದಾಗ ಮಾತಾಡ್ರಿ, ಊರ ಮಂದೀನೂ ಬರ್ತಾರ" ಎಂದು ಕರೆದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಭ್ಯಾಸಕ್ಕೆಂದು ಮನೆಯವರನ್ನೆಲ್ಲ ಹಿಡಿದು ಕೂರಿಸತೊಡಗಿದೆ. ಗಂಡ ತಮ್ಮ ಚಾದರದ ಅಂಗಡಿಯನ್ನು ಎಂದಿಗಿಂತ ಬೇಗ ತೆರೆಯತೊಡಗಿದರು. ಉಳಿದವರು ಅತ್ತೆ. ರೊಟ್ಟಿ ಬಡಿಯುತ್ತಾ ಕೂತವರು ಎದ್ದು ಓಡುವಂತಿಲ್ಲವಲ್ಲ.

"ಅತ್ಯಾರ, ಮೈಂದರ್ಗಿ ಎಷ್ಟು ದೂರ?" ಎಂದೆ.

"ಎಸ್‌ಟಿ ಬಸ್ಸು ಬರೋಬ್ಬರಿ ಸಿಕ್ಕರ ಎರಡು ತಾಸು."

ನಾನು ಕುಣಿದಾಡಿಬಿಟ್ಟೆ. "ನೋಡ್ರಿ! ದೂರ ಕೇಳಿದರ ವ್ಯಾಳ್ಯಾ ಹೇಳಿದ್ರಿ! ಎರಡೂ ಒಂದಕ್ಕೊಂದು ಹೆಣಕೊಂಡಾವು!"

ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಒಂದು ಎಸ್‌ಟಿಯನ್ನು ನಾನು ಅಡುಗೆಮನೆಯಲ್ಲೇ ಹೊರಡಿಸಿದೆ. ಒಳಗೆ ಕೂತವಳ ಅಳತೆಯಲ್ಲಿ ಹಾದಿಯೇ ಕುಗ್ಗಿದೆ, ಅದಕ್ಕೇ ಬೇಗ ಮುಟ್ಟಿದಳು. ಹೊರಗೆ ನಿಂತವರ ಅಳತೆಯಲ್ಲಿ ಹಾದಿ ಇದ್ದಷ್ಟೇ ಇದೆ, ಅವಳ ಕೈಗಡಿಯಾರ ನಿಧಾನವಾಗಿದೆ. ದೂರದಲ್ಲೂ ಭಿನ್ನಮತ, ಕಾಲದಲ್ಲೂ ಭಿನ್ನಮತ. ಆದರೆ ಅವಳು ಬಸ್ಸಿಳಿದ ಕ್ಷಣ ಅವಳ ಗಡಿಯಾರದ ಮುಳ್ಳು ಎಲ್ಲಿತ್ತು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಅತ್ತೆ ಹೆಂಚಿನ ಮೇಲಿನ ರೊಟ್ಟಿಯನ್ನು ಮರೆತು ನನ್ನನ್ನೇ ನೋಡಿದರು. "ಮತ್ತೊಮ್ಮೆ ಹೇಳು, ಸುನಂದಾ" ಎಂದರು. ನನ್ನ ಜೀವಮಾನದಲ್ಲಿ ಯಾವ ವಿದ್ಯಾರ್ಥಿಯೂ ಈ ಮಾತು ಆಡಿರಲಿಲ್ಲ. ಮತ್ತೊಮ್ಮೆ ಹೇಳಿದೆ. ಸುಟ್ಟ ರೊಟ್ಟಿ ತೆಗೆದು ಅವರೆಂದರು, "ನಾನೂ ಬರ್ತೀನಿ ನಿನ್ನ ಭಾಷಣಕ್ಕ."

ನಾನು ಉಬ್ಬಿಹೋದೆ. ಗಂಡ ಮಾತ್ರ ಗಾಬರಿಯಾದರು. ಮೈಂದರ್ಗಿ ಅತ್ತೆಯ ತವರು. ಅವರ ತಂಗಿಯನ್ನು ಅದೇ ಊರಿನಲ್ಲಿ ಕೊಟ್ಟಿದ್ದಾರೆ. ಅತ್ತೆ ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ತಾಯಿ ತೀರಿಕೊಂಡ ದಿನದಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. "ಅವ್ವ ದಾರಿ ಕಾಯ್ತಾ ಜೀವ ಬಿಟ್ಟಳು, ನೀ ಬೇಕಂತ ತಡಾ ಮಾಡಿದಿ" ಎಂದು ಹೆಣದ ಮುಂದೆಯೇ ತಂಗಿ ಅಂದದ್ದನ್ನು ಅತ್ತೆ ಮರೆತಿರಲಿಲ್ಲ.

ಸಭೆಯಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದವರೇ ಆ ತಂಗಿ. ಆದರೆ ಬಾಯಿ ತೆರೆದದ್ದೇ ತಡ, ಭಯ ಹಾರಿಹೋಯಿತು. ಕನ್ನಡದಲ್ಲಿ ಬೆಳಕು ಎಷ್ಟು ಚೆನ್ನಾಗಿ ಓಡುತ್ತದೆ! ಹಾದಿ ಕುಗ್ಗಿಸಿದೆ, ಗಡಿಯಾರ ನಿಧಾನಗೊಳಿಸಿದೆ, ಸೀರೆಯನ್ನೆಲ್ಲ ಸೀಮೆಸುಣ್ಣ ಮಾಡಿಕೊಂಡೆ. ಕೊನೆಗೆ, "ಯಾರಿಗರ ಏನರ ಕೇಳೋದದ ಏನ್ರಿ?" ಎಂದೆ.

ತಂಗಿ ಎದ್ದು ನಿಂತರು. ನಾನು ಯಾರ ಮನೆ ಸೊಸೆ ಎಂಬುದೇ ಗೊತ್ತಿಲ್ಲದವರ ಹಾಗೆ, "ಬಾಯಾರ, ಒಬ್ಬಾಕಿ ಹಾದಿ ಕುಗ್ಗೇತಿ ಅಂತಾಳ, ಇನ್ನೊಬ್ಬಾಕಿ ಘಡ್ಯಾಳ ಸಾವಕಾಶ ಆಗೇತಿ ಅಂತಾಳ. ಇಬ್ಬರಾಗ ಒಬ್ಬಾಕಿ ಖೋಟೆ ಹೇಳಾಕತ್ತಿರಬೇಕಲ್ಲ?" ಎಂದರು. ಕೇಳಿದ್ದು ನನ್ನನ್ನು, ನೋಡಿದ್ದು ಅತ್ತೆಯನ್ನು.

ನನಗಿಂತ ಮೊದಲು ಅತ್ತೆ ಎದ್ದರು. "ಯಾರೂ ಖೋಟೆ ಹೇಳಂಗಿಲ್ಲ, ತಂಗೀ. ನೀ ಅವ್ವನ ಮಗ್ಗಲಕ ಕೂತಿದ್ದಿ. ನಿನಗ ಹಾದಿ ಅಷ್ಟೇ ಇತ್ತು, ನಾನ ತಡಾ ಮಾಡಿದೆ. ನಾ ಗಾಡ್ಯಾಗ ಕೂತಿದ್ದೆ. ನನಗ ಹಾದೀನ ಮುಗೀಲಿಲ್ಲ. ನಾ ಇಳದಾಗ ಅವ್ವ ಇರಲಿಲ್ಲ. ಅದು ನಿನಗೂ ಅಷ್ಟ, ನನಗೂ ಅಷ್ಟ."

ನನ್ನೊಳಗಿನ ಮೇಷ್ಟರಮ್ಮ ಸುಮ್ಮನಿರಲಿಲ್ಲ. ಓಡುವವರಿಗೆ ಹಾದಿ ಕುಗ್ಗುತ್ತದೆಯೇ ಹೊರತು ಬೆಳೆಯುವುದಿಲ್ಲ! ಎಸ್‌ಟಿಯ ವೇಗಕ್ಕೆ ಆ ವ್ಯತ್ಯಾಸ ಯಾರ ಗಡಿಯಾರಕ್ಕೂ ತಿಳಿಯುವಂಥದ್ದಲ್ಲ! ತಿದ್ದಲೆಂದು ಸೀಮೆಸುಣ್ಣ ಎತ್ತಿ ಬಾಯಿ ತೆರೆದೂಬಿಟ್ಟೆ. ಅಷ್ಟರಲ್ಲಿ ತಂಗಿ ಬೆಂಚುಗಳ ನಡುವೆ ತಡವರಿಸುತ್ತಾ ಬಂದು, "ಅಕ್ಕಾ, ನಿನಗ ಭಾಳ ಅಂದೆ" ಎಂದು ಅತ್ತೆಯ ಕೈ ಹಿಡಿದುಕೊಂಡರು. ತೆರೆದ ಬಾಯಿಗೆ ಕೆಲಸ ಬೇಕಿತ್ತು. ಮೇಜಿನ ಮೇಲಿದ್ದ ನೀರು ಕುಡಿದೆ.

ಅಂದು ಅತ್ತೆ ನನ್ನೊಡನೆ ಮರಳಲಿಲ್ಲ, ತಂಗಿಯ ಮನೆಯಲ್ಲೇ ಉಳಿದರು. ಎಸ್‌ಟಿಯಲ್ಲಿ ಒಬ್ಬಳೇ ಕೂತು ಕಣ್ಣೊರೆಸಿಕೊಂಡೆ, ನಕ್ಕೆ, ಪಕ್ಕದವರಿಗೆ ಸಾಪೇಕ್ಷತೆ ವಿವರಿಸಲು ಹೋದೆ. ಅವರು ಎದ್ದು ಬೇರೆ ಸೀಟಿಗೆ ಹೋದರು.

ಮರುದಿನ ಮುಖ್ಯಾಧ್ಯಾಪಕರ ಫೋನು ಬಂತು. "ಬಾಯಾರ, ಕಾರ್ಯಕ್ರಮ ಏಕದಮ್ ಛಲೋ ಆತ್ರಿ. ಮಂದಿಗೆ ಸಾಪೇಕ್ಷತೆ ಪೂರಾ ತಿಳೀತು. ಇನ್ನೊಮ್ಮಿ ಇಡಬೇಕಂತೀವಿ, ನಿಮ್ಮ ಅತ್ಯಾರನ್ನ ಕಳಸ್ರಿ." ಆಮೇಲೆ ತುಸು ತಡೆದು, ದೊಡ್ಡ ಮನಸ್ಸು ಮಾಡಿ ಅಂದರು, "ನೀವೂ ಬಂದರ ನಡೀತದ."