ಅಜ್ಜಿ ಕಾನ್ವೆಂಟ್ ನೋಡಲು ಬಂದದ್ದು

ಮೈಸೂರಿನಲ್ಲಿ ಕನ್ಯಾಸ್ತ್ರೀಯಾಗಿ, ಹಗಲು ಶಾಲೆ, ಸಂಜೆ ಚರ್ಚಿನ ಪರವಾಗಿ ಮನೆಮನೆ ಸುತ್ತುವುದು ಎಂದೇ ಆಯುಷ್ಯ ಕಳೆದ ನನಗೆ ನಗುವಿಗೆ ಎಂದೂ ಬರ ಬಂದಿಲ್ಲ. ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಅದೇ ಬಂದು ಎದುರಿಗೆ ಕೂರುತ್ತಿತ್ತು. ಇದು ಸ್ವಾತಂತ್ರ್ಯ ಬಂದ ಹೊಸತರ ಮಾತು.

ಮುಡಿ

ಒಂದನೇ ತರಗತಿಯಲ್ಲಿ ದೊಡ್ಡ ಜಗಳ. ಸಿಸ್ಟರ್ ತಲೆವಸ್ತ್ರದ ಒಳಗೆ ಕೂದಲು ಇದೆಯೋ ಇಲ್ಲವೋ? ಮಗ್ಗಿ ಹೇಳಿಸುವ ಹೊತ್ತಿನಲ್ಲಿ ಈ ಪಂಚಾಯಿತಿ. ನನಗೋ ಕೋಪ ಮೂಗಿನ ತುದಿಯಲ್ಲೇ. "ಇಲ್ಲ. ದೇವರಿಗೆ ಕೊಟ್ಟುಬಿಟ್ಟೆ. ಈಗ ಮಗ್ಗಿ ಹೇಳಿ" ಎಂದೆ.

ತರಗತಿಗೇ ಜಾಣೆಯಾದ ಹುಡುಗಿ ಎದ್ದು ನಿಂತು ಕೇಳಿದಳು: "ತಿರುಪತಿಗಾ ಸಿಸ್ಟರ್, ನಂಜನಗೂಡಿಗಾ?"

ಉಂಗುರ

ಮರುದಿನದಿಂದ ಆ ಹುಡುಗಿ ಶಾಲೆಗೆ ಬರಲಿಲ್ಲ. ಅವರ ಮನೆಯಲ್ಲಿ ಅಕ್ಷರ ಕಲಿಯುತ್ತಿದ್ದ ಮೊದಲ ಹೆಣ್ಣು ಅವಳು. ಬಿಟ್ಟುಬಿಡಲು ಮನಸ್ಸು ಒಪ್ಪದೆ ಹುಡುಕಿಕೊಂಡು ಹೋದೆ. ಇಲವಾಲದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆ. ಅವಳ ಅಜ್ಜಿ ಬಾಗಿಲಲ್ಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಿಳೀ ಬಟ್ಟೆ, ಬಳೆ ಇಲ್ಲ, ಕುಂಕ್ಮ ಇಲ್ಲ, ಕೂದ್ಲೂ ಇಲ್ವಂತೆ. ದಿನಾ ಬೆಳಗ್ಗೆ ಎದ್ದು ಇಂಥ ಮುಖ ನೋಡುದ್ರೆ ಕೂಸಿಗೆ ಒಳ್ಳೇದಾದದಾ? ಬೇಜಾರು ಮಾಡ್ಕಬ್ಯಾಡಿ. ನಿಮ್ಮೆಜಮಾನ್ರು ಓಗಿ ಎಷ್ಟು ವರ್ಷ ಆಯ್ತವ್ವ?"

"ಹೋಗಿಲ್ಲ ಅಜ್ಜಿ" ಎಂದು ಬೆರಳಿನ ಉಂಗುರ ತೋರಿಸಿದೆ. "ನನ್ನ ಮದುವೆ ದೇವರ ಜೊತೆ."

ಅಜ್ಜಿ ಎಲೆಅಡಿಕೆ ಅಗಿಯುತ್ತ ಯೋಚಿಸಿದರು. "ದೇವ್ರಿಗೆ ಸಾವಿಲ್ಲ. ಅಂಗಂದ್ರೆ ನಿಮ್ಮಷ್ಟು ಗಟ್ಟಿ ಮುತ್ತೈದೆ ಈ ಬೀದೀಲೇ ಇಲ್ಲ ಬುಡಿ."

ಮನೆ ನೋಡುವ ಶಾಸ್ತ್ರ

ಆದರೂ ಅಜ್ಜಿ ಒಪ್ಪಿಬಿಡಲಿಲ್ಲ. ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡುವ ಹಾಗೆ ಕಾನ್ವೆಂಟ್ ನೋಡಬೇಕೆಂದರು. ಭಾನುವಾರ ಮೊಮ್ಮಗಳನ್ನು ಕರೆದುಕೊಂಡು, ಹೂವು ಕುಂಕುಮದ ತಟ್ಟೆ ಹಿಡಿದು ಬಂದೇಬಿಟ್ಟರು. ನಮ್ಮ ಮದರ್, ಸಿಸ್ಟರುಗಳೆಲ್ಲ ಬಂದು ಕೈಮುಗಿದರು.

"ಇವ್ರ ಯಜಮಾನ್ರು?" ಅಜ್ಜಿ ಒಬ್ಬ ಸಿಸ್ಟರನ್ನು ತೋರಿಸಿ ನನ್ನನ್ನು ಕೇಳಿದರು.

"ಅದೇ ದೇವರು ಅಜ್ಜಿ."

"ಆ ವಯಸ್ಸಾದೋರ್ಗೆ?"

"ಅವರಿಗೂ."

"ಎಲ್ರಿಗೂ ಒಬ್ರೇನಾ?"

"ಒಬ್ಬರೇ."

ಅಜ್ಜಿಯ ಮುಖ ಬಿಗಿಯಿತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಸಂಕಟವಾಯಿತು. ಅಜ್ಜಿ ಅಡುಗೆಮನೆಗೆ ಇಣುಕಿ ಬಂದರು.

"ಎಲ್ರಿಗೂ ಒಂದೇ ಒಲೆ?"

"ಒಂದೇ."

ಮೊಮ್ಮಗಳ ಕೈಯನ್ನು ನನ್ನ ಕೈಗಿತ್ತರು.

"ನಮ್ಮನೇಲಿ ಇದ್ದಿದ್ದು ಇಬ್ರೇ ಸವ್ತೀರು. ಎರಡು ಒಲೆ ಹೂಡುದ್ರೂ ಜಗ್ಳ ನಿಲ್ನಿಲ್ಲ ಕಣವ್ವ. ನೀವು ಇಷ್ಟು ಜನ ಸವ್ತೀರು ಒಂದೇ ಒಲೇಲಿ ಬೇಸ್ಕೊಂಡು ಉಣ್ತಿದ್ದೀರಿ. ಕೂಸಿಗೆ ಓದು ಹತ್ದೆ ಇದ್ರೂ ಚಿಂತೆಯಿಲ್ಲ, ಇದೊಂದು ಕಲ್ಸಿಬುಡಿ."