ಹಿರಿಯ ಆವೃತ್ತಿ

ನಮ್ಮ ಸಂಸ್ಥೆಯ ಲಿಫ್ಟುಗಳನ್ನು ನಡೆಸುವ ತಂತ್ರಾಂಶದ ಪ್ರಚಲಿತ ಆವೃತ್ತಿ ಆರನೆಯದು ಎಂಬ ಬಗ್ಗೆ ಆಡಳಿತ ಮಂಡಳಿಯಲ್ಲಿ ಒಮ್ಮತವಿತ್ತು. ಗ್ರಾಹಕರ ಆಕ್ಷೇಪಣೆಯೂ ಇರಲಿಲ್ಲ. ಲಿಫ್ಟುಗಳಂತೂ ಆರನೆಯ ಆವೃತ್ತಿಯ ಪ್ರಕಾರವೇ ಓಡುತ್ತಿದ್ದವು. ಈ ನಿರ್ಣಯದ ಪ್ರತಿ ತಲುಪದೆ ಉಳಿದದ್ದು ಅಂತರ್ಜಾಲದ ಹುಡುಕು ಯಂತ್ರಕ್ಕೆ ಮಾತ್ರ.

ಅದರಲ್ಲಿ ಯಾರು ಏನೇ ಕೇಳಲಿ, ಮೊದಲು ಬರುತ್ತಿದ್ದದ್ದು ಮೂರನೆಯ ಆವೃತ್ತಿಯ ಕೈಪಿಡಿ. ಅದಕ್ಕೆ ಕಾರಣವೂ ಇತ್ತು. ಮೂರನೆಯ ಆವೃತ್ತಿಯ ಕಾಲದಲ್ಲಿ ಲಿಫ್ಟುಗಳು ಮನಸ್ಸು ಬಂದಾಗ ಎರಡು ಮಹಡಿಗಳ ನಡುವೆ ನಿಂತುಬಿಡುತ್ತಿದ್ದವು. ಒಳಗಿದ್ದವರನ್ನು ಬಿಡಿಸಲು ಹೊರಗಿದ್ದವರು ಗಾಬರಿಯಿಂದ ಹುಡುಕುತ್ತಿದ್ದರು. ಹೀಗೆ ಓದಿ, ಹಂಚಿ, ಮತ್ತೆ ಓದಿ, ‘ಸಿಕ್ಕಿಕೊಂಡವರನ್ನು ಹೊರತರುವ ವಿಧಾನ’ ಎಂಬ ಪುಟವನ್ನು ಜನರೇ ಪ್ರಸಿದ್ಧಿಗೆ ತಂದಿದ್ದರು. ಆರನೆಯ ಆವೃತ್ತಿಯ ಲಿಫ್ಟು, ಕರೆಂಟು ಹೋದಾಗ ಬಿಟ್ಟರೆ, ಹಾಗೆಲ್ಲ ನಿಲ್ಲುತ್ತಿರಲಿಲ್ಲ. ಆದ್ದರಿಂದ ಅದರ ಕೈಪಿಡಿಯತ್ತ ಯಾರೂ ತಲೆಹಾಕುತ್ತಿರಲಿಲ್ಲ.

ಆ ತಲೆಹಾಕದ ಕೈಪಿಡಿಯನ್ನು ಬರೆದವಳನ್ನು ಕಚೇರಿಯಲ್ಲಿ ಕೈಪಿಡಿಯಮ್ಮ ಎಂದು ಕರೆಯುತ್ತಿದ್ದರು. ಗಂಡ ಮತ್ತು ಅತ್ತೆಯೊಂದಿಗೆ ಅವಳಿದ್ದದ್ದು ಒಂದು ಎತ್ತರದ ಕಟ್ಟಡದ ಮೇಲಿನ ಮಹಡಿಯಲ್ಲಿ. ಅದೇ ಕಟ್ಟಡದ ನೆಲಮಹಡಿಯಲ್ಲಿ ಅತ್ತೆಯ ತಂಗಿಯ ಮನೆ. ಅತ್ತೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಸೀರೆ ಬದಲಾಯಿಸಿ, ಲಿಫ್ಟಿನಲ್ಲಿ ಇಳಿದುಹೋಗಿ, ತಂಗಿಯೊಡನೆ ಮನಸಾರೆ ಜಗಳವಾಡಿ, ಸಂಜೆ ಹಗುರಾಗಿ ಮೇಲೆ ಬರುತ್ತಿದ್ದರು. ಮಂಡಿನೋವಿನಿಂದ ಅವರಿಗೆ ಮೆಟ್ಟಿಲು ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಲಿಫ್ಟು ಅತ್ತೆಯನ್ನು ಒಳಗಿಟ್ಟುಕೊಂಡು ನಿಂತಿತು. ಮೆಕ್ಯಾನಿಕ್ ಬಂದ. ಫೋನು ತೆಗೆದು ಹುಡುಕಿದ. ಮೊದಲು ಬಂದ ಪುಟವನ್ನು ಓದಿ ಬಾಗಿಲಿನ ಸಂದಿಗೆ ಬಾಯಿಟ್ಟು ಕೂಗಿದ:

“ಅಮ್ಮಾ, ಹೆದರ್ಕೋಬೇಡಿ. ಹೊರಗಿನ ಹಸಿರು ಗುಂಡಿ ಒತ್ತಿ ಹಿಡೀಬೇಕಂತೆ, ಹಿಡೀತೀನಿ. ಕಂಪನಿಯೋರೇ ಬರ್ದಿದ್ದಾರೆ.”

ಮೂರನೆಯ ಆವೃತ್ತಿಯಲ್ಲಿ ಹಸಿರು ಗುಂಡಿ ಒತ್ತಿ ಹಿಡಿದರೆ ಲಿಫ್ಟು ಹತ್ತಿರದ ಮಹಡಿಗೆ ಇಳಿದು ಬಾಗಿಲು ತೆರೆಯುತ್ತದೆ. ಆರನೆಯದರಲ್ಲಿ ಅದು ತಪಾಸಣೆಯ ಗುಂಡಿ. ಬಾಗಿಲು ಮುಚ್ಚಿಕೊಂಡೇ ಲಿಫ್ಟು ಎಲ್ಲ ಮಹಡಿಗಳಿಗೂ ಹೋಗಿ, ಬಂದು, ಮತ್ತೆ ಹೋಗುತ್ತದೆ.

ಸುದ್ದಿ ಕೇಳಿ ಕೈಪಿಡಿಯಮ್ಮ ಕಚೇರಿಯಿಂದ ಓಡಿ ಬಂದಾಗ ಅತ್ತೆಯ ದನಿ ಕಟ್ಟಡದ ಉದ್ದಕ್ಕೂ ಹತ್ತಿ ಇಳಿಯುತ್ತಿತ್ತು.

“ನಿಮ್ಮ ಆಫೀಸಿನ ಪೆಟ್ಟಿಗೆ...” ಎಂದು ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ “...ನನ್ನನ್ನ ನುಂಗಿ ಕೂತಿದೆ ಕಣೇ!” ಎಂದು ಕೆಳಕ್ಕೆ ಬಂತು.

ಅವಳು ಮೆಕ್ಯಾನಿಕ್‌ನ ಫೋನು ಇಸಿದುಕೊಂಡು ನೋಡಿದಳು. “ಅಯ್ಯೋ, ಇದು ಹಳೇದಣ್ಣ!”

“ಮೊದಲು ಬಂದಿದ್ದು ಇದೇ ಅಲ್ವಾ ಅಕ್ಕ? ಸರಿಯಾದ್ದನ್ನ ನೀವು ಹಿಂದೆ ಬಚ್ಚಿಟ್ರೆ ನಾನೇನ್ ಮಾಡ್ಲಿ?”

ಕೈಪಿಡಿಯಮ್ಮ ಆರನೆಯದರ ವಿಧಾನದಂತೆ ಲಿಫ್ಟನ್ನು ತಮ್ಮ ಮಹಡಿಯಲ್ಲಿ ನಿಲ್ಲಿಸಿದ ಮೇಲೆ ಅತ್ತೆ ಹೊರಬಂದರು. ಮತ್ತೆ ಲಿಫ್ಟಿಗೆ ಕಾಲಿಡಲಿಲ್ಲ; ಸುದ್ದಿ ಕೇಳಿದ ತಂಗಿಯೂ ಕಾಲಿಡಲಿಲ್ಲ. ತಂಗಿಯೊಡನೆ ಫೋನಿನಲ್ಲಿ ಜಗಳವಾಡಿ ನೋಡಿದರು, ರುಚಿಸಲಿಲ್ಲ. ಮಂಡಿ ಹಿಡಿದುಕೊಂಡು ಬಾಲ್ಕನಿಯಲ್ಲಿ ಕೂತು ಕೆಳಗೆ ತಂಗಿಯ ಮನೆಯತ್ತ ನೋಡತೊಡಗಿದರು. ಊಟ ಅರ್ಧಕ್ಕೆ ಬಿಡುತ್ತಿದ್ದರು.

“ಮೇಲಿಂದ ನೋಡಿದ್ರೆ ಅವಳ ಬೈತಲೆ ಮಾತ್ರ ಕಾಣುತ್ತೆ ಕಣೇ,” ಎಂದರು ಒಂದು ದಿನ. “ಮುಖ ಕಾಣಲ್ಲ.”

ಕೈಪಿಡಿಯಮ್ಮ ಮರುದಿನವೇ ವ್ಯವಸ್ಥಾಪಕರ ಮುಂದೆ ನಿಂತಳು. ಯಾವುದಕ್ಕೂ ಇಲ್ಲವೆನ್ನದೆ, ಯಾವುದನ್ನೂ ಮಾಡದೆ ಇರುತ್ತಿದ್ದ ಇವರಿಗೆ ಆಗಲಿ ಸಾಹೇಬರು ಎಂದು ಹೆಸರಿತ್ತು.

“ಸಾರ್, ಹಳೇ ಪುಟಗಳ ತಲೆಯಲ್ಲಿ ಒಂದು ಸಾಲು ಸೇರಿಸಿದ್ರೆ ಸಾಕು. ಓದೋರಿಗೆ ಕಾಣಲ್ಲ, ಯಂತ್ರಕ್ಕೆ ಕಾಣುತ್ತೆ. ‘ಇದರ ಈಗಿನ ರೂಪ ಅಲ್ಲಿದೆ, ಅದನ್ನೇ ತೋರಿಸು’ ಅಂತ.”

“ಆಗಲಿ,” ಎಂದರು ಸಾಹೇಬರು. “ಆದ್ರೆ ಕಾಣದೇ ಇರೋ ಸಾಲಿಗೆ ಸಹಿ ಎಲ್ಲಿ ಹಾಕೋದಮ್ಮ?”

ಸಂಸ್ಥೆಯ ನಿಯಮದಂತೆ ಕಣ್ಣಿಗೆ ಕಾಣದ ಯಾವ ಬರಹವನ್ನೂ ದೃಢೀಕರಿಸುವಂತಿಲ್ಲ. ದೃಢೀಕರಿಸದ ಯಾವುದನ್ನೂ ಪ್ರಕಟಿಸುವಂತಿಲ್ಲ. ಆದರೂ ಸಾಹೇಬರು ಸಮಸ್ಯೆಯನ್ನು ಕೈಬಿಡಲಿಲ್ಲ. ಕೆಳಕಂಡ ಸುತ್ತೋಲೆಯನ್ನು ಮೆಟ್ಟಿಲ ಬಳಿಯ ಸೂಚನಾ ಫಲಕದಲ್ಲಿ ಅಂಟಿಸಲಾಯಿತು:

‘ಎಲ್ಲ ಹುಡುಕು ಯಂತ್ರಗಳ ಗಮನಕ್ಕೆ. ಇನ್ನು ಮುಂದೆ ತಾವು ಆರನೆಯ ಆವೃತ್ತಿಯ ಕೈಪಿಡಿಯನ್ನೇ ಮೊದಲು ತೋರಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು. ಈ ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ತಮ್ಮ ಸಮ್ಮತಿಯಿದೆಯೆಂದು ಭಾವಿಸಲಾಗುವುದು.’

ಉತ್ತರ ಬರಲಿಲ್ಲ. ಸಮ್ಮತಿಯಿದೆಯೆಂದು ಭಾವಿಸಲಾಯಿತು. ಹುಡುಕು ಯಂತ್ರಗಳ ಸಹಕಾರಕ್ಕೆ ವಂದನೆ ಸಲ್ಲಿಸುವ ಇನ್ನೊಂದು ಸುತ್ತೋಲೆಯೂ ಅದರ ಪಕ್ಕದಲ್ಲೇ ಬಂತು. ಹುಡುಕಿದವರಿಗೆ ಮಾತ್ರ ಮೊದಲಿನಂತೆಯೇ ಮೂರನೆಯದು ಸಿಗುತ್ತಿತ್ತು.

ಕೈಪಿಡಿಯಮ್ಮ ಮತ್ತೆ ಹೋದಳು. ಕಾಣದ ಸಾಲು ಬೇಡವೆಂದಾದರೆ ಕಾಣುವಂಥದ್ದನ್ನೇ ಹಾಕೋಣ, ‘ಇದು ಹಳೆಯ ಆವೃತ್ತಿ’ ಎಂದು ಕೆಂಪಕ್ಷರದಲ್ಲಿ ಬರೆಯೋಣ ಎಂದಳು. ಇದಕ್ಕೆ ಮೂರನೆಯ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಬೇಕಾಗಿತ್ತು. ನಮ್ಮಲ್ಲಿ ಪ್ರತಿ ಆವೃತ್ತಿಗೂ ಒಂದು ವಿಭಾಗ. ಓದುಗರು ಎಷ್ಟೋ ಅನುದಾನ ಅಷ್ಟು. ಹಾಗಾಗಿ ಮೂರನೆಯ ವಿಭಾಗಕ್ಕೆ ಒಂದಿಡೀ ಮಹಡಿ, ಹವಾನಿಯಂತ್ರಣ ಮತ್ತು ಕಾರು ಇದ್ದವು. ಆರನೆಯ ವಿಭಾಗದಲ್ಲಿ ಕೈಪಿಡಿಯಮ್ಮ ಮತ್ತು ಒಂದು ಫ್ಯಾನು ಇದ್ದರು.

ಸಾಹೇಬರ ಕೋಣೆಗೆ ಬಂದ ಮುಖ್ಯಸ್ಥರು ಕನ್ನಡಕ ತೆಗೆದಿಟ್ಟರು. “ಹಳೆಯದು ಅಂದ್ರೆ ಏನರ್ಥ? ನಾನು ಬೆವರು ಸುರಿಸಿ ಕಟ್ಟಿದ್ದು. ನಿಮ್ಮತ್ತೇನ ನೀವು ‘ಹಳೇ ಹೆಂಗಸು’ ಅಂತ ಬೋರ್ಡು ಹಾಕಿ ಕೂರಿಸ್ತೀರಾ?”

“ಇಲ್ಲ ಸಾರ್.”

“ಏನಂತೀರಿ?”

“ಹಿರಿಯರು ಅಂತೀವಿ.”

“ಹಾಗೇ ಬರೀರಿ.”

“ಆಗಲಿ,” ಎಂದರು ಸಾಹೇಬರು.

ಮೂರನೆಯ ಆವೃತ್ತಿಯ ಪ್ರತಿ ಪುಟದ ಮೇಲೂ ‘ಎಚ್ಚರಿಕೆ: ಇದು ಹಿರಿಯ ಆವೃತ್ತಿ’ ಎಂದು ಬಂತು. ಓದುಗರು ಎಚ್ಚೆತ್ತರು. ಹಿರಿಯರಿರುವಾಗ ಕಿರಿಯರನ್ನು ಕೇಳುವುದೇಕೆಂದು, ದಾರಿತಪ್ಪಿ ಆರನೆಯದಕ್ಕೆ ಬರುತ್ತಿದ್ದವರೂ ಅಲ್ಲಿಗೇ ಹೋದರು. ಮೂರನೆಯ ವಿಭಾಗಕ್ಕೆ ಎರಡನೆಯ ಕಾರು ಬಂತು. ಕರೆಂಟು ಹೋದಾಗಲೆಲ್ಲ ಊರಿನ ಅನೇಕ ಕಟ್ಟಡಗಳಲ್ಲಿ ಅನೇಕ ಅತ್ತೆಯರು ಬಾಗಿಲು ಮುಚ್ಚಿದ ಲಿಫ್ಟಿನಲ್ಲಿ ಹತ್ತಿ ಇಳಿಯತೊಡಗಿದರು. ದೂರುಗಳು ಬಂದವು.

ಆಡಳಿತ ಮಂಡಳಿ ತುರ್ತುಸಭೆ ಸೇರಿತು. ಕೈಪಿಡಿಯಮ್ಮ ಎದ್ದು ನಿಂತಳು.

“ಒಂದೇ ಒಂದು ಸಾಲು ಸಾರ್. ನಮ್ಮನೇಲಿ ಹಿರಿಯರೊಬ್ಬರು ಮೆಟ್ಟಿಲೂ ಇಳಿಯೋಕಾಗದೆ, ಲಿಫ್ಟೂ ಹತ್ತೋಕಾಗದೆ ಕೂತಿದ್ದಾರೆ.”

ಸಭೆ ಅವಳ ಭಾವನೆಗಳನ್ನು ಗೌರವದಿಂದ ದಾಖಲಿಸಿಕೊಂಡಿತು. ಬಳಿಕ ಮುಖ್ಯಸ್ಥರು ಮಾತಾಡಿದರು. ಕೈಪಿಡಿಗೂ ಲಿಫ್ಟಿಗೂ ಹೊಂದಾಣಿಕೆಯಿಲ್ಲ, ಅದೇ ರೋಗದ ಮೂಲ. ಕೈಪಿಡಿಯನ್ನು ಲಕ್ಷಾಂತರ ಜನ ಒಪ್ಪಿದ್ದಾರೆ. ಲಿಫ್ಟನ್ನು ಯಾರು ಒಪ್ಪಿದ್ದಾರೆ? ಜನ ಒಪ್ಪಿದ್ದನ್ನು ಬಿಟ್ಟು ಒಪ್ಪದ್ದನ್ನು ತಿದ್ದುವುದು ನ್ಯಾಯ.

ಎಲ್ಲ ಲಿಫ್ಟುಗಳಿಗೂ ಮೂರನೆಯ ಆವೃತ್ತಿಯ ತಂತ್ರಾಂಶವನ್ನೇ ಮರಳಿ ಹಾಕತಕ್ಕದ್ದೆಂದು ನಿರ್ಣಯವಾಯಿತು. ಅದಕ್ಕೆ ‘ಏಳನೆಯ ಆವೃತ್ತಿ’ ಎಂಬ ಹೆಸರನ್ನು ಆಗಲಿ ಸಾಹೇಬರು ಸೂಚಿಸಿದರು. ಆದರೆ ಹೆಸರು ಬದಲಿಸಿದರೆ ಓದುಗರು ತಪ್ಪಿಹೋದಾರೆಂಬ ಭಯದಿಂದ ಮೂರನೆಯದೆಂದೇ ಉಳಿಸಲಾಯಿತು.

ಲಿಫ್ಟುಗಳು ಮತ್ತೆ ಎರಡು ಮಹಡಿಗಳ ನಡುವೆ ನಿಲ್ಲತೊಡಗಿದವು. ಜನ ಹುಡುಕಿದರು. ಮೊದಲು ಬಂದ ಪುಟದಲ್ಲಿ ಇದ್ದಂತೆಯೇ ಮಾಡಿದರು. ಬಾಗಿಲು ತೆರೆಯಿತು. ದೂರುಗಳು ನಿಂತವು. ಹುಡುಕು ಯಂತ್ರಗಳು ಈಗ ಪ್ರಚಲಿತ ಆವೃತ್ತಿಯ ಕೈಪಿಡಿಯನ್ನೇ ಮೊದಲು ತೋರಿಸುತ್ತಿವೆಯೆಂದು ವಾರ್ಷಿಕ ವರದಿಯಲ್ಲಿ ಪ್ರಕಟಿಸಲಾಯಿತು. ಈ ಸಾಧನೆಗಾಗಿ ಕೈಪಿಡಿಯಮ್ಮನಿಗೆ ಶಾಲು ಹೊದಿಸಿದರು. ಅವಳು ಬೇಡವೆನ್ನಲು ಬಾಯಿ ತೆರೆದಳು. ಫೋಟೋದಲ್ಲಿ ಅದು ನಗುವಿನಂತೆ ಬಂತು.

ಕೈಪಿಡಿ ಸರಿಯಾಗಿದೆಯೆಂದು ಮೆಕ್ಯಾನಿಕ್ ಆಣೆ ಮಾಡಿ ಹೇಳಿದ ಮೇಲೆ ಅತ್ತೆ ಧೈರ್ಯ ಮಾಡಿ ಲಿಫ್ಟು ಹತ್ತಿದರು. ಅದು ನಡುವೆ ನಿಂತಿತು. ಅವನು ಹೊರಗಿನ ಹಸಿರು ಗುಂಡಿ ಒತ್ತಿ ಹಿಡಿದ. ಲಿಫ್ಟು ವಿಧೇಯವಾಗಿ ಇಳಿದು ಬಾಗಿಲು ತೆರೆಯಿತು. ಅತ್ತೆ ತಂಗಿಯ ಮನೆಗೆ ಹೋಗಿ, ಬಾಕಿ ಉಳಿದಿದ್ದ ಜಗಳವನ್ನೆಲ್ಲ ಮುಗಿಸಿ, ಬರುವಾಗಲೂ ಒಮ್ಮೆ ಸಿಕ್ಕಿಕೊಂಡು, ಕತ್ತಲಾಗುವ ಹೊತ್ತಿಗೆ ಮನೆಗೆ ಬಂದರು. ಮುಖ ಅರಳಿತ್ತು. ಎರಡು ಸಲ ಬಡಿಸಿಕೊಂಡು ಉಂಡರು.

“ಒಳ್ಳೆ ಕೆಲ್ಸ ಮಾಡ್ದೆ ಕಣಮ್ಮ,” ಎಂದರು ಸೊಸೆಗೆ. “ಈಗ ಸಿಕ್ಕಿಹಾಕ್ಕೊಂಡ್ರೆ ಟಕ್ ಅಂತ ಬಿಡಿಸ್ತಾರೆ.”

“ಅತ್ತೆ, ಆರನೇದ್ರಲ್ಲಿ ಕರೆಂಟು ಹೋದಾಗ ಬಿಟ್ರೆ ಸಿಕ್ಕಿಹಾಕ್ಕೊಳ್ತಾನೇ ಇರ್ಲಿಲ್ವಲ್ಲ.”

ಅತ್ತೆ ಕೈ ಒರೆಸಿಕೊಳ್ಳುತ್ತಾ ಸೊಸೆಯನ್ನು ಕನಿಕರದಿಂದ ನೋಡಿದರು.

“ಅದೇ ತಪ್ಪಾಗಿದ್ದು. ಸಿಕ್ಕಿಹಾಕ್ಕೊಳ್ದೆ ಇದ್ರೆ, ಬಿಡಿಸೋರು ಇದಾರೆ ಅಂತ ಹೇಗೆ ಗೊತ್ತಾಗ್ಬೇಕು?”

ಕೈಪಿಡಿಯಮ್ಮ ಅತ್ತೆಯ ತಟ್ಟೆ ಎತ್ತಿಕೊಂಡಳು. “ಹೌದತ್ತೆ,” ಎಂದಳು.